ಬಿಟ್ಟ ಗೆಣ್ಣು

ಅಪ್ಪ ತೀರಿಕೊಂಡ ಎಂಟು ತಿಂಗಳಿಗೆ ತಮ್ಮನೂ ನಾನೂ ಪೌತಿ ಖಾತೆಯ ಕೆಲಸಕ್ಕೆ ಊರಿಗೆ ಹೋದೆವು. ಹೊಲದ ಒಂದು ತುಂಡು ಇನ್ನೂ ಅಜ್ಜನ ಅಪ್ಪ ಮುತ್ತ್ಯಾನ ಹೆಸರಿನಲ್ಲೇ ಉಳಿದಿತ್ತು. ಅಜ್ಜ ಅದನ್ನು ತನ್ನ ಹೆಸರಿಗೆ ಮಾಡಿಸಿಕೊಂಡಿರಲಿಲ್ಲ, ಅಪ್ಪನೂ ಆ ಗೋಜಿಗೆ ಹೋಗಿರಲಿಲ್ಲ. ನಾಡಕಚೇರಿಯಲ್ಲಿದ್ದ ಗ್ರಾಮ ಆಡಳಿತಾಧಿಕಾರಿ, ಊರವರ ಬಾಯಲ್ಲಿ ಈಗಲೂ ತಲಾಠಿಯೇ, ನನ್ನ ಕೈಯಲ್ಲಿ ಗಣಿತ ಕಲಿತ ಕೊನೆಯ ತಂಡದ ಹುಡುಗರ ವಯಸ್ಸಿನವನು. ಬಿಳಿ ಹಾಳೆಯ ಮೇಲ್ತುದಿಯಲ್ಲಿ ಒಂದು ಚೌಕ ಹಾಕಿ, ಅದರೊಳಗೆ ‘ಮೂಲಪುರುಷ’ ಎಂದು ಬರೆದು, ಪೆನ್ನು ಎತ್ತಿ ಹಿಡಿದು ಕೇಳಿದ: “ಹೇಳ್ರೀ ಅಕ್ಕಾರ, ಯಾರಿಂದ ಹಿಡಿಯೂಣು?”

ಮುತ್ತ್ಯಾನಿಂದ ಹಿಡಿದರೆ ಸಾಕಿತ್ತು. ಆದರೆ ನಾನು ಮನೆತನದ ಸಾಲನ್ನು ಕಲಿತದ್ದು ಹಾಗಲ್ಲ. ಮೊದಲಿನಿಂದ ಹೇಳಿದರೇ ನನಗೆ ಬಾಯಿಗೆ ಬರುವುದು. ಬಲಗೈಯ ಹೆಬ್ಬೆರಳು ತಾನಾಗಿ ಕಿರುಬೆರಳಿನ ಬುಡದ ಗೆಣ್ಣಿಗೆ ಹೋಗಿ ಕುಳಿತಿತ್ತು. ಒಂದು ಹೆಸರಿಗೆ ಒಂದು ಗೆಣ್ಣು. ಕಿರುಬೆರಳಿನಲ್ಲಿ ಮೂವರು. ಉಂಗುರಬೆರಳಿನಲ್ಲಿ ನಾಲ್ಕನೆಯವ, ಐದನೆಯವ. ಅಲ್ಲಿಗೆ ಬಂದಾಗ ಹೆಬ್ಬೆರಳು ಉಂಗುರಬೆರಳಿನ ತುದಿಗೆಣ್ಣನ್ನು ಮುಟ್ಟಿತು, ನಾನು ಏನೂ ಅನ್ನಲಿಲ್ಲ, ಅದು ಹಾಗೇ ಜಾರಿ ನಡುಬೆರಳಿನ ಬುಡಕ್ಕೆ ಹೋಯಿತು. ಅಲ್ಲಿ ಆರನೆಯವನಾದ ಮುತ್ತ್ಯಾ, ಅದರ ಮೇಲಿನ ಗೆಣ್ಣಿನಲ್ಲಿ ಅಜ್ಜ.

ಏಳು ಹೆಸರು. ಎಂಟು ಗೆಣ್ಣು.

ಇಡೀ ಆಯುಷ್ಯ ಲೆಕ್ಕ ಕಲಿಸಿದವಳು ನಾನು. ಬೆರಳು ಎಣಿಸುವುದರಲ್ಲಿ ತಪ್ಪುವ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಿದ್ದಿದವಳು. ನನ್ನ ಕೈಯೇ ಐವತ್ತೈದು ವರ್ಷದಿಂದ ಒಂದು ಗೆಣ್ಣನ್ನು ಸುಮ್ಮನೆ ದಾಟುತ್ತಿತ್ತು. ಆ ದಿನ ನಾಡಕಚೇರಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನನ್ನ ಕೈಯನ್ನು ನಾನೇ ಬೇರೆಯವರ ಕೈಯಂತೆ ನೋಡಿದೆ. ಅದು ಅಜ್ಜನ ಕೈಯಾಗಿತ್ತು.

*

ಅಜ್ಜ ನನಗೆ ಸಾಲು ಕಲಿಸಿದ್ದು ಕಣದಲ್ಲಿ. ಸುಗ್ಗಿಯ ರಾತ್ರಿ ಜೋಳದ ರಾಶಿಗೆ ಕಾವಲು ಮಲಗಲು ಹೋಗುವಾಗ ನನ್ನನ್ನೂ ಹೆಗಲ ಮೇಲೆ ಹೊತ್ತು ಒಯ್ಯುತ್ತಿದ್ದ. ಕಂಬಳಿಯೊಳಗೆ ನನ್ನ ಅಂಗೈ ಬಿಡಿಸಿ ಹಿಡಿದು, ತನ್ನ ಒರಟು ಹೆಬ್ಬೆರಳಿನಿಂದ ಒಂದೊಂದೇ ಗೆಣ್ಣು ಒತ್ತುತ್ತ ಇಂಥವನ ಮಗ ಇಂಥವ, ಅವನ ಮಗ ಇಂಥವ ಎಂದು ಹೇಳಿಕೊಡುತ್ತಿದ್ದ. ಹೆಣ್ಣುಹುಡುಗಿಗೆ ಅದನ್ನೇಕೆ ಕಲಿಸುತ್ತೀ ಎಂದು ಮನೆಯವರು ಅಂದದ್ದುಂಟು. “ಇಕಿ ನೆಪ್ಪು ಇಟಗೊಳ್ಳಾಕಿ” ಎಂದಷ್ಟೇ ಹೇಳಿ ಅವನು ಸುಮ್ಮನಾಗುತ್ತಿದ್ದ.

ಏಳೆಂಟು ವರ್ಷದವಳಿದ್ದಾಗ ಒಂದು ರಾತ್ರಿ ನಾನೇ ಅವನನ್ನು ತಡೆದೆ. “ಅಜ್ಜಾ, ಒಂದು ಗೆಣ್ಣ ಬಿಟ್ಟಿ ನೀ.” ಅವನ ಹೆಬ್ಬೆರಳು ನನ್ನ ಉಂಗುರಬೆರಳಿನ ತುದಿಯ ಮೇಲೆ ನಿಂತಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. “ಅದು ಉಸುರ ತಗೊಳ್ಳಾಕ, ಮಗಳ” ಅಂದ. ಅಷ್ಟೊಂದು ಹೆಸರನ್ನು ಒಂದೇ ಸಮ ಹೇಳುವಾಗ ನಡುವೆ ಉಸಿರು ಬೇಕಲ್ಲ ಎಂದು ನನಗೂ ಸರಿ ಅನಿಸಿತು. ಅವತ್ತಿನಿಂದ ನಾನೂ ಅಲ್ಲಿ ಉಸಿರು ತೆಗೆದುಕೊಂಡೆ.

ಸಾಲಿನ ಒಡೆಯ ಅಜ್ಜನಲ್ಲ, ಹೆಳವರು. ಮೂರು ನಾಲ್ಕು ವರ್ಷಕ್ಕೊಮ್ಮೆ ಸುಗ್ಗಿ ಮುಗಿಯುತ್ತಿದ್ದಂತೆ ನಮ್ಮ ಮನೆತನದ ಹೆಳವ ಬರುತ್ತಿದ್ದ. ಎತ್ತಿನ ಕೊರಳ ಗಂಟೆ ಅಗಸಿಯಲ್ಲಿ ಕೇಳಿದರೆ ಮಕ್ಕಳೆಲ್ಲ ಓಡುತ್ತಿದ್ದೆವು. ಹೆಳವ ಎಂದರೆ ಕಾಲಿಲ್ಲದವ. ಅದಕ್ಕೇ ಅವರ ಹಿರಿಯರು ಎತ್ತಿನ ಮೇಲೆ ಕುಳಿತು, ಕಾಲು ಕಾಣದಂತೆ ಕಂಬಳಿ ಹೊದ್ದು ಊರೂರು ತಿರುಗುತ್ತಿದ್ದರು. ನಮ್ಮ ಹೆಳವನಿಗೆ ಎರಡೂ ಕಾಲು ಗಟ್ಟಿಯಾಗಿದ್ದವು, ಆದರೂ ಊರೊಳಗೆ ಬರುವಾಗ ಎತ್ತಿನ ಮೇಲೇ ಬರುತ್ತಿದ್ದ, ಕಂಬಳಿ ಮುಚ್ಚಿಕೊಂಡೇ ಬರುತ್ತಿದ್ದ. ನಸುಕಿನಲ್ಲಿ ಮನೆಯ ಮುಂದೆ ನಿಂತು ನಮ್ಮ ಹಿರಿಯರ ಹೆಸರುಗಳನ್ನು ಎತ್ತರದ ದನಿಯಲ್ಲಿ ಹಾಡಿ ಎಬ್ಬಿಸುತ್ತಿದ್ದ. ಎಲ್ಲಿಂದ ಬಂದವರು, ಮನೆದೇವರು ಯಾರು, ಯಾವ ಬೆಡಗು, ಯಾರು ಕೆರೆಗೆ ಕಲ್ಲು ಹೊತ್ತರು, ಯಾರು ಜಗಳದಲ್ಲಿ ಮಡಿದರು ಎಲ್ಲವೂ ಅವನ ದನಿಯಲ್ಲಿ ಬರುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳುವಾಗ ಮನೆಯ ಗೋಡೆಗಳೇ ಮಾತಾಡುತ್ತಿವೆ ಅನಿಸುತ್ತಿತ್ತು. ಆಮೇಲೆ ಜಗುಲಿಯ ಮೇಲೆ ಕಂಬಳಿ ಹಾಸಿ, ಬಟ್ಟೆಯ ಗಂಟಿನಿಂದ ಹೊತ್ತಿಗೆ ತೆಗೆದು, ಹಿಂದಿನ ಸಲ ಬಂದು ಹೋದ ಮೇಲೆ ಹುಟ್ಟಿದ ಗಂಡುಮಕ್ಕಳ ಹೆಸರು ಬರೆದುಕೊಳ್ಳುತ್ತಿದ್ದ. ತಮ್ಮ ಹುಟ್ಟಿದ ವರ್ಷ ಅವನ ಹೆಸರು ಬರೆಸುವಾಗ ಅಜ್ಜಿ ಹೆಳವನಿಗೆ ಧೋತರ, ಒಂದು ಚೀಲ ಜೋಳ, ಮೇಲೆ ಬೆಲ್ಲ ಕೊಟ್ಟಳು. ನಾನು ಹುಟ್ಟಿದ್ದನ್ನು ಬರೆಸಿದ್ದಾರೆಯೇ ಎಂದು ಕೇಳುವುದು ಆಗ ನನಗೆ ಹೊಳೆದಿರಲಿಲ್ಲ.

*

ಮದುವೆಯಾಗಿ, ಮಾಸ್ತರಿಕೆ ಸೇರಿ, ಮಕ್ಕಳು ಶಾಲೆಗೆ ಹೋಗುವಂತಾದ ಮೇಲೆ 1996ರ ಬೇಸಿಗೆ ರಜೆಯಲ್ಲಿ ನಮ್ಮ ಮನೆತನದ ಸಾಲನ್ನು ಒಂದು ವಹಿಯಲ್ಲಿ ಇಳಿಸಬೇಕೆಂದು ಕುಳಿತೆ. ಅಜ್ಜ ಹೋಗಿ ಎಂಟು ವರ್ಷವಾಗಿತ್ತು. ಆ ಸಲ ಬಂದ ಹೆಳವನಿಂದ ಓದಿಸಿ ಎಲ್ಲವನ್ನೂ ಬರೆದುಕೊಂಡೆ. ಅವನ ಹೊತ್ತಿಗೆಯಲ್ಲಿ ಇಸವಿ ಇಲ್ಲ, ಸಂವತ್ಸರ ಇದೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುವುದರಿಂದ ಬರೀ ಹೆಸರು ಹಿಡಿದು ಹೊರಟರೆ ಎರಡು ತಲೆಮಾರು ಹಿಂದೆ ಮುಂದೆ ಆಗಿಬಿಡುತ್ತದೆ. ಅಲ್ಲಿ ಬರ, ಬೇನೆ, ಹೊಳೆ ಬಂದದ್ದು ಏನಾದರೂ ಜೊತೆಗಿದ್ದರೆ ಮಾತ್ರ ಗಟ್ಟಿ ನೆಲ ಸಿಗುತ್ತದೆ.

ನನ್ನ ಅದೃಷ್ಟಕ್ಕೆ ಎರಡು ಕಡೆ ಹಾಗೆ ಇತ್ತು. ಐದನೆಯವನ ಹೆಸರಿನ ಮುಂದೆ ‘ಧಾತು ಸಂವತ್ಸರದ ಬರದಲ್ಲಿ ಶಿವಾಧೀನ’ ಎಂದಿತ್ತು. ಧಾತು ಎಂದರೆ 1876–77. ಆ ಬರವನ್ನು ಬೇರೆ ಯಾವುದರ ಜೊತೆಗೂ ಗೊಂದಲ ಮಾಡಿಕೊಳ್ಳಲು ಆಗುವುದಿಲ್ಲ. ಆಗಿನ ಧಾರವಾಡ ಜಿಲ್ಲೆಯಲ್ಲಿ 1872ರ ಖಾನೇಷುಮಾರಿಯಂತೆ ಸುಮಾರು 9.88 ಲಕ್ಷ ಜನರಿದ್ದರು, 1881ರಲ್ಲಿ ಎಣಿಸಿದಾಗ ಸುಮಾರು 8.83 ಲಕ್ಷ. ಒಂದು ಲಕ್ಷಕ್ಕೂ ಮಿಕ್ಕಿ ಜನ ಸತ್ತೋ, ಗುಳೆ ಹೋಗಿಯೋ ಲೆಕ್ಕದಿಂದ ಅಳಿಸಿಹೋಗಿದ್ದರು. ಆರನೆಯವನಾದ ಮುತ್ತ್ಯಾ ಹುಟ್ಟಿದ್ದು ವಿಳಂಬಿ ಸಂವತ್ಸರದಲ್ಲಿ, ‘ಗಂಟುಬ್ಯಾನಿಯ ವರ್ಷ’. ಅದೂ ಗಟ್ಟಿ. 1898ರಲ್ಲಿ ಪ್ಲೇಗು ಹುಬ್ಬಳ್ಳಿಯನ್ನು ಹಿಂಡಿತು. ಹಾಫ್ಕಿನ್ ಕಂಡುಹಿಡಿದ ಚುಚ್ಚುಮದ್ದನ್ನು ಅಲ್ಲಿ ಸಾವಿರಾರು ಜನರಿಗೆ ಹಾಕಿದ್ದು ಅದೇ ವರ್ಷ. ನಮ್ಮೂರವರು ಮನೆಗಳಿಗೆ ಬೀಗ ಹಾಕಿ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಮುತ್ತ್ಯಾ ಅಂಥ ಗುಡಿಸಲಿನಲ್ಲೇ ಹುಟ್ಟಿದವನೆಂದು ಅಜ್ಜ ಹೇಳುತ್ತಿದ್ದ.

ಎರಡನ್ನೂ ಒಂದರ ಕೆಳಗೊಂದು ಬರೆದು ಕಳೆದೆ. ಇಪ್ಪತ್ತೆರಡು ವರ್ಷ.

ತಂದೆ ಸತ್ತು ಇಪ್ಪತ್ತೆರಡು ವರ್ಷಕ್ಕೆ ಮಗ ಹುಟ್ಟುವುದಿಲ್ಲ. ಒಂದು ತಲೆಮಾರು ಎಲ್ಲೋ ಬಿದ್ದುಹೋಗಿದೆ. ನಡುವೆ ಒಬ್ಬ ಗಂಡಸು ಇರಲೇಬೇಕು ಎಂದು ಹುಡುಕಲು ಹೊರಟೆ. ನನ್ನ ದೊಡ್ಡ ತಪ್ಪು ಆ ಒಂದು ಮಾತಿನಲ್ಲೇ ಇತ್ತು. ಅದು ತಪ್ಪೆಂದು ತಿಳಿಯಲು ಇನ್ನೂ ಇಪ್ಪತ್ತೆಂಟು ವರ್ಷ ಬೇಕಾಯಿತು.

ನಮ್ಮಲ್ಲಿ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುತ್ತಾರೆ, ಒಂದೇ ಹೆಸರಿನ ಇಬ್ಬರನ್ನು ಒಬ್ಬನೆಂದು ಕೂಡಿಸಿರಬಹುದು ಎಂದುಕೊಂಡೆ. ದತ್ತಕ ಬಂದವನಿರಬಹುದು ಎಂದುಕೊಂಡೆ. ಮನೆದೇವರ ಗುಡಿಗೆ ಹೋಗಿ ಪೂಜಾರಿಯನ್ನು ಕೇಳಿದೆ, ನಮ್ಮ ಬೆಡಗಿನವರಿದ್ದ ಎರಡು ಊರು ಸುತ್ತಿದೆ. ದಾಯಾದಿಗಳ ಮನೆಯಲ್ಲಿ ಚಹಾ ಕೊಟ್ಟು ಮಾತು ಬದಲಿಸಿದರು. ತಾಲೂಕು ಕಚೇರಿಯೊಂದರಲ್ಲಿ ಹಳೆಯ ವಹಿಗಳನ್ನು ಕೇಳಿದಾಗ “ಗೆದ್ದಲ ತಿಂದಾವ್ರೀ” ಎಂದು, ಬಾಗಿಲು ಕೂಡ ತೆರೆಯದೆ ಕಳಿಸಿದರು. ಅಪ್ಪನನ್ನು ಕೇಳಿದರೆ “ಸತ್ತವರ ಲೆಕ್ಕ ಯಾಕ ಬೇಕು, ಇದ್ದವರದು ನೋಡು” ಅಂದ. ವಹಿಯಲ್ಲಿ ಐದಕ್ಕೂ ಆರಕ್ಕೂ ನಡುವೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಟ್ರಂಕಿನಲ್ಲಿಟ್ಟೆ.

*

ನಾಡಕಚೇರಿಯಿಂದ ಬಂದ ರಾತ್ರಿ ಆ ವಹಿ ತೆಗೆದೆ. ಪೆನ್ಸಿಲಿನ ಗುರುತು ಹಾಗೇ ಇತ್ತು. ಅಜ್ಜನಿಗೆ ಅಲ್ಲಿ ಒಬ್ಬರಿದ್ದಾರೆಂದು ಗೊತ್ತಿತ್ತು, ಗೊತ್ತಿದ್ದೇ ಗೆಣ್ಣು ದಾಟುತ್ತಿದ್ದ. ಮರೆತವನ ಹೆಬ್ಬೆರಳು ಹಾಗೆ ನಿಲ್ಲುವುದಿಲ್ಲ, ಮರೆತವನು ಏಳು ಹೆಸರಿಗೆ ಏಳೇ ಗೆಣ್ಣು ಎಣಿಸುತ್ತಾನೆ. ಅಂದರೆ ನಾನು ಹುಡುಕಬೇಕಾದದ್ದು ಕಳೆದುಹೋದವರನ್ನಲ್ಲ, ಹೇಳದೆ ಉಳಿಸಿದವರನ್ನು. ಮನೆತನಗಳು ಯಾರನ್ನು ಹೇಳದೆ ಉಳಿಸುತ್ತವೆ ಎಂದು ಕೇಳಿಕೊಂಡಾಗ, ನಾನು ಇಷ್ಟು ವರ್ಷ ಹೆಣ್ಣು ಹೆಸರುಗಳ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ ಎಂಬುದು ಹೊಳೆಯಿತು.

ಪೌತಿ ಖಾತೆಗೆ ನಿಂತಿದ್ದ ಆ ತುಂಡು ಹೊಲ ಹಳ್ಳದ ದಂಡೆಯ ಎರಿ ಭೂಮಿ. ಎಳ್ಳ ಅಮಾವಾಸ್ಯೆಗೆ ನಾವು ಚರಗ ಚೆಲ್ಲಲು ಹೋಗುತ್ತಿದ್ದುದು ಅದಕ್ಕೇ. ಸಜ್ಜೆ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬುಟ್ಟಿಯಲ್ಲಿ ತುಂಬಿಕೊಂಡು ಸವಾರಿ ಬಂಡಿಯಲ್ಲಿ ಹೋಗಿ ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡುತ್ತಿದ್ದೆವು. ನಮ್ಮ ಮನೆಯವರು ಅದನ್ನು ‘ಬಸವನ ಹೊಲ’ ಎನ್ನುತ್ತಿದ್ದರು. ದೇವರಿಗೆ ಬಿಟ್ಟ ಬಸವ ಅಲ್ಲಿ ಮೇಯುತ್ತಿತ್ತು, ಅದಕ್ಕೇ ಆ ಹೆಸರು ಎಂದು ಅಜ್ಜ ಹೇಳಿದ್ದ. ಆದರೆ ಆಳುಮಕ್ಕಳು, ಕುರಿ ಕಾಯುವವರು, ಕಳೆ ತೆಗೆಯಲು ಬರುವ ಹೆಂಗಸರು ಅನ್ನುತ್ತಿದ್ದುದು ‘ಬಸವಿ ಹೊಲ’. ಸಣ್ಣವಳಿದ್ದಾಗ ಅವರಿಂದ ಕಲಿತು ಮನೆಯಲ್ಲಿ ಒಮ್ಮೆ ಹಾಗೆ ಅಂದೆ. ಎಂದೂ ಕೈ ಎತ್ತದ ಅಜ್ಜಿ ಕೆನ್ನೆಗೆ ಹೊಡೆದಳು. ಕೆಟ್ಟ ಮಾತು ಆಡಿದೆನೆಂದು ತಿಳಿದೆ. ಯಾವ ಮಾತು ಕೆಟ್ಟದ್ದೆಂದು ತಿಳಿಯಲಿಲ್ಲ.

ಮರುವಾರ ತಮ್ಮನನ್ನು ಕರೆದುಕೊಂಡು ಆ ರಿ.ಸ. ನಂಬರಿನ ಹಳೆಯ ಉತಾರಕ್ಕೆ ಅರ್ಜಿ ಹಾಕಿದೆ. 1996ರಲ್ಲಿ ನಾನು ಕೇಳಿದ್ದು ‘ನಮ್ಮ ಮನೆತನದ ಕಾಗದ’. ಹಾಗೆ ಕೇಳಿದರೆ ಯಾವ ಕಚೇರಿಯಲ್ಲೂ ಏನೂ ಸಿಗುವುದಿಲ್ಲ. ಸರ್ಕಾರ ಮನೆತನಗಳನ್ನು ಬರೆದಿಟ್ಟಿಲ್ಲ, ಹೊಲಗಳನ್ನು ಬರೆದಿಟ್ಟಿದೆ. ಮನುಷ್ಯನ ಹೆಸರು ಹಿಡಿದು ಹೋದರೆ ಕದ ಮುಚ್ಚಿರುತ್ತದೆ, ಹೊಲದ ನಂಬರು ಹಿಡಿದು ಹೋದರೆ ಅದರ ಹಿಂದೆ ಮನುಷ್ಯರು ಸಾಲಾಗಿ ಬರುತ್ತಾರೆ. ಮುಂಬೈ ಇಲಾಖೆಯಲ್ಲಿ ಹಕ್ಕುದಾಖಲೆಯ ಕಾಯ್ದೆ ಬಂದದ್ದು 1903ರಲ್ಲಿ. ಅದಕ್ಕೆ ಮೊದಲಿನ ಸರ್ವೆ ಪುಸ್ತಕಗಳಿಗೆ ಕಂದಾಯ ಕಟ್ಟುವವನ ಹೆಸರೇ ಮುಖ್ಯ. ಹಕ್ಕುದಾಖಲೆ ಬಂದ ಮೇಲೆ ಯಾರಿಗೆ ಯಾವ ಹಕ್ಕು, ಅದು ಯಾರಿಂದ ಹೇಗೆ ಬಂತು ಎಂಬುದನ್ನೂ ಬರೆಯತೊಡಗಿದರು. ನಮ್ಮ ಕಡೆ ಕುಟುಂಬದ ಕತೆ ಹುಡುಕುವವರಿಗೆ ಆ ಪುಸ್ತಕಗಳಂಥ ಆಸರೆ ಮತ್ತೊಂದಿಲ್ಲ.

ಈ ಸಲ ಬಾಗಿಲು ತೆರೆದರು. ದಾಖಲೆ ಕೋಣೆಯಲ್ಲಿದ್ದ ಹೆಣ್ಣುಮಗಳು ತಾಸುಗಟ್ಟಲೆ ಧೂಳಿನಲ್ಲಿ ನಿಂತು, ಕೆಂಪು ಬಟ್ಟೆಯ ಗಂಟುಗಳನ್ನು ಒಂದೊಂದೇ ಬಿಚ್ಚಿ ಹುಡುಕಿದಳು. ಗೆದ್ದಲು ಅಂಚನ್ನು ತಿಂದಿತ್ತು, ನಡುವಿನ ಬರಹವನ್ನು ಮುಟ್ಟಿರಲಿಲ್ಲ. ಹಕ್ಕು ಬದಲಾವಣೆಯ ಒಂದು ನೋಂದು 1935ರದ್ದು. ಹೊಲದ ಹಕ್ಕುದಾರಳು ‘ಮಯತಳಾದ್ದರಿಂದ’ (ತೀರಿಕೊಂಡದ್ದರಿಂದ) ಅವಳ ಮಗನ, ಅಂದರೆ ನನ್ನ ಮುತ್ತ್ಯಾನ, ಹೆಸರಿಗೆ ಹೊಲ ಬಂದಿದೆ.

ಹಕ್ಕುದಾರಳು. ಒಬ್ಬ ಹೆಣ್ಣುಮಗಳು. ಅದೇ ಪುಟದಲ್ಲಿ ಬೇರೆ ಹೊಲಗಳ ವಿಧವೆಯರ ಹೆಸರುಗಳಿದ್ದವು, ಎಲ್ಲರ ಮುಂದೆಯೂ ‘ಕೋಂ’, ಅಂದರೆ ಇಂಥವನ ಹೆಂಡತಿ. ಇವಳ ಹೆಸರಿನ ಮುಂದೆ ಮಾತ್ರ ‘ತಂದೆ’ ಎಂದಿತ್ತು. ತಂದೆಯ ಹೆಸರು ನಮ್ಮ ಐದನೆಯವನದು.

ಅಲ್ಲೇ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತುಬಿಟ್ಟೆ. ಇಪ್ಪತ್ತೆರಡು ವರ್ಷ ತುಂಬಿತ್ತು.

*

ಬಸವಿ ಎಂಬ ಪದವನ್ನು ಈಗ ಬೈಗುಳದ ಹಾಗೆ ಬಳಸುವವರೇ ಹೆಚ್ಚು. ಅದರ ಹಿಂದಿನ ಲೆಕ್ಕ ಗೊತ್ತಿರುವವರು ಕಡಿಮೆ. ಬಳ್ಳಾರಿ, ರಾಯಚೂರು, ಧಾರವಾಡದ ಕಡೆ ಗಂಡು ಸಂತಾನವಿಲ್ಲದ ಮನೆಯಲ್ಲಿ ಒಬ್ಬ ಮಗಳನ್ನು ದೇವರಿಗೆ ಬಿಟ್ಟು ಮನೆಯಲ್ಲೇ ಇಟ್ಟುಕೊಳ್ಳುವ ಪದ್ಧತಿ ಇತ್ತು. ಬಿಟ್ಟ ಗೂಳಿ ಬಸವನಾದರೆ ಬಿಟ್ಟ ಮಗಳು ಬಸವಿ. ಅವಳಿಗೆ ಮದುವೆಯಿಲ್ಲ. ಆದರೆ ತಂದೆಯ ಆಸ್ತಿಯಲ್ಲಿ ಮಗನ ಹಕ್ಕು, ಅವಳ ಮಕ್ಕಳಿಗೆ ಅವಳ ತಂದೆಯ ಮನೆತನ. ಬಳ್ಳಾರಿ ಕಡೆಯ ಈ ಪದ್ಧತಿಯ ಬಗ್ಗೆ ಫ್ರೆಡ್ ಫಾಸೆಟ್ ಎಂಬ ಬ್ರಿಟಿಷ್ ಪೊಲೀಸ್ ಅಧಿಕಾರಿ 1891ರಲ್ಲೇ ಬರೆದಿದ್ದಾನೆ. ಮುಂಬೈ ಇಲಾಖೆ 1934ರಲ್ಲಿ ದೇವದಾಸಿಯರ ರಕ್ಷಣೆಗೆ ಕಾಯ್ದೆ ತಂದಿತು. ಕರ್ನಾಟಕ ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನೇ 1982ರ ಕಾಯ್ದೆಯಿಂದ ನಿಷೇಧಿಸಿತು.

ಕಾಗದ ಇಷ್ಟು ಹೇಳಿತು. ಉಳಿದದ್ದನ್ನು ಹೇಳಬಲ್ಲವಳು ಒಬ್ಬಳೇ ಇದ್ದಳು. ಅಜ್ಜನ ಮಗಳು, ನನ್ನ ಸೋದರತ್ತೆ. ಎಂಬತ್ತಮೂರರ ಅವಳನ್ನು ನಾನು ಇಷ್ಟು ವರ್ಷದಲ್ಲಿ ಹಪ್ಪಳದ ಹದ ಕೇಳಿದ್ದೆ, ಬಾಣಂತಿಯ ಮದ್ದು ಕೇಳಿದ್ದೆ. ಮನೆತನದ ಸಾಲು ಕೇಳಿರಲಿಲ್ಲ. ಅದು ಗಂಡಸರಿಗೆ ಗೊತ್ತಿರುವ ವಿಷಯ ಎಂದು, ಓದಿದವಳಾದ ನಾನೇ ಅಂದುಕೊಂಡಿದ್ದೆ.

ಉತಾರದ ಪ್ರತಿ ಓದಿ ಹೇಳಿದಾಗ ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಸೆರಗಿನಿಂದ ಮುಖ ಒರೆಸಿಕೊಂಡು, “ಹುಡುಕಿದ್ಯಲ್ಲ ಯವ್ವಾ” ಅಂದಳು.

ಬರದಲ್ಲಿ ಐದನೆಯವನೂ ಅವನ ಇಬ್ಬರು ಗಂಡುಮಕ್ಕಳೂ ಹೋದರು. ಉಳಿದದ್ದು ಹೆಂಡತಿ ಮತ್ತು ಮೂರು ವರ್ಷದ ಮಗಳು. ಹೊಲವನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುವುದರಲ್ಲಿದ್ದರು. ಆ ವಿಧವೆ ಮಗಳನ್ನು ದೇವರಿಗೆ ಬಿಟ್ಟು ಹೊಲ ಉಳಿಸಿಕೊಂಡಳು. ಆ ಮಗಳು ದೊಡ್ಡವಳಾಗಿ ತಾನೇ ಕೂರಿಗೆ ಹಿಡಿದು ಬಿತ್ತಿದಳು, ಪ್ಲೇಗಿನ ವರ್ಷ ಹೊಲದ ಗುಡಿಸಲಿನಲ್ಲಿ ಮುತ್ತ್ಯಾನನ್ನು ಹೆತ್ತಳು, ಮಗನ ಮದುವೆ ಮಾಡಿದಳು, ಮೊಮ್ಮಗನನ್ನು ಬೆಳೆಸಿದಳು.

“ನಿಮ್ಮಜ್ಜನ್ನ ಜ್ವಾಪಾನ ಮಾಡಿದಾಕಿ ಆಕೀನ. ಹಡದಾಕಿಕಿಂತ ಹೆಚ್ಚ ಆಕೀ ಕಡೇನ ಇರತಿದ್ನಂತ. ಆಕಿ ಸತ್ತಾಗ ನಮ್ಮಪ್ಪಗ ಹದಿನೈದ ವರ್ಷ.”

ಅಂದರೆ ಅಜ್ಜನಿಗೆ ಅವಳು ಸಾಲಿನಲ್ಲಿನ ಒಂದು ಹೆಸರಾಗಿರಲಿಲ್ಲ. ಅವಳ ತೊಡೆಯ ಮೇಲೆ ಮಲಗಿ ಬೆಳೆದ ಹುಡುಗ ಅವನು. ಗೆಣ್ಣು ಒತ್ತಿ ಸಾಲು ಹೇಳಿಕೊಡುವುದನ್ನು ಅವನಿಗೆ ಕಲಿಸಿದವಳೂ ಅವಳೇ ಎಂದು ಅತ್ತೆ ಹೇಳಿದಾಗ ನನ್ನ ಗಂಟಲು ಕಟ್ಟಿತು.

“ಮತ್ತ ಯಾಕ ಬಿಟ್ಟ ಅತ್ತಿ?”

ಅತ್ತೆ ತನ್ನ ಬಳೆಗಳ ಕಡೆ ನೋಡಿದಳು. “ನನ್ನ ಸಲುವಾಗಿ.”

1960ರಲ್ಲಿ ಅವಳಿಗೆ ಹದಿನೆಂಟು. ಒಳ್ಳೆಯ ಮನೆತನದಿಂದ ಸಂಬಂಧ ಬಂತು. ಆ ಕಾಲದಲ್ಲಿ ಬೀಗರಾಗುವವರು ಹೆಳವನನ್ನು ಕೇಳುತ್ತಿದ್ದರು. ಸಾಲು ಸ್ವಚ್ಛ ಇದೆಯೋ ಇಲ್ಲವೋ ಹೆಳವನ ಬಾಯಿಂದ ಬಂದರೆ ಅದು ಪ್ರಮಾಣ. ಆ ವರ್ಷ ಹೆಳವ ಹರಿದುಹೋದ ಹಳೆಯ ಹೊತ್ತಿಗೆಯನ್ನು ಹೊಸದಕ್ಕೆ ನಕಲು ಮಾಡುತ್ತಿದ್ದ. ಅಜ್ಜ ರಾತ್ರಿ ಅವನು ಇಳಿದಿದ್ದ ಗುಡಿಗೆ ಎರಡು ಚೀಲ ಜೋಳ ಹೊರಿಸಿಕೊಂಡು ಹೋದ. ಹೊಸ ಹೊತ್ತಿಗೆಯಲ್ಲಿ ಐದರ ಕೆಳಗೆ ನೇರ ಆರು ಬಂತು. ಅತ್ತೆಯ ಮದುವೆಯಾಯಿತು.

“ಬಂಡಿ ಹತ್ತೂಮುಂದ ನಮ್ಮಪ್ಪ ಅತ್ತ. ಮಗಳ ಹೊಂಟಾಳಂತ ಅಳತಾನಂದ್ರು ಎಲ್ಲಾರು. ನನಗ ಗೊತ್ತಿತ್ತ, ಆಂವ ಯಾರ ಸಲುವಾಗಿ ಅಳಾಕತ್ತಿದ್ದ ಅಂತ.”

*

ಆ ದಿನದಿಂದ ಅಜ್ಜನನ್ನು ನಾನು ಎರಡು ಸಲ ಕಳೆದುಕೊಂಡು ಎರಡು ಸಲ ಪಡೆದಿದ್ದೇನೆ. ಮೊದಲು ಸಿಟ್ಟು ಬಂತು. ಬರದಿಂದ ಹೊಲ ಉಳಿಸಿದವಳು, ಅವನ ಬಾಯಿಗೆ ತುತ್ತಿಟ್ಟವಳು. ಅವಳನ್ನು ಎರಡು ಚೀಲ ಜೋಳಕ್ಕೆ ಅಳಿಸಿದ. ಆ ಜೋಳವೂ ಅವಳ ಹೊಲದ್ದೇ ಆಗಿರಬೇಕು. ಇದನ್ನು ಮೃದು ಮಾಡಿ ಹೇಳಲು ನನಗೆ ಮನಸ್ಸಿಲ್ಲ. ಮಗಳಿಗೊಂದು ಮನೆ ಸಿಗಲೆಂದು ತಾಯಿಯಂಥವಳನ್ನು ಮನೆತನದಿಂದ ಹೊರಗೆ ಹಾಕಿದ. ಅದು ಅನ್ಯಾಯ. ಹಾಗೆ ಮಾಡದೆ ಮಗಳ ಮದುವೆ ಆಗದ ಊರು ಅದಾಗಿತ್ತು, ಅದು ಇನ್ನೂ ದೊಡ್ಡ ಅನ್ಯಾಯ.

ಅವಳ ಬದುಕನ್ನು ಬೆಳಗಿಸಿ ತೋರಿಸಲಿಕ್ಕೂ ನನಗೆ ಇಷ್ಟವಿಲ್ಲ. ಮಗನ ಹಕ್ಕು ಸಿಕ್ಕಿತು ಎಂದು ಹೇಳುವುದು ಸುಲಭ. ಮೂರು ವರ್ಷದ ಮಗುವನ್ನು ಯಾರೂ ಕೇಳಿರಲಿಲ್ಲ. ಮನೆಗೆ ಗಂಡು ಬೇಕಾದಾಗ ಅವಳನ್ನು ಗಂಡು ಮಾಡಿದರು, ಮನೆಗೆ ಮರ್ಯಾದೆ ಬೇಕಾದಾಗ ಅವಳನ್ನು ಇಲ್ಲವೆಂದರು. ಎರಡೂ ಸಲ ಹೊಲ ಮಾತ್ರ ಮನೆಯಲ್ಲೇ ಉಳಿಯಿತು.

ಆದರೂ ಹೆಬ್ಬೆರಳು ನಿಲ್ಲುತ್ತಿತ್ತಲ್ಲ. ಹೊತ್ತಿಗೆಯಲ್ಲಿ ತೆಗೆಸಿದವನು ಬೆರಳಿನಲ್ಲಿ ಉಳಿಸಿಕೊಂಡ. ಆ ಹೊಲವನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳದೆ ಬಿಟ್ಟದ್ದೂ ಅದಕ್ಕೇ ಎಂದು ಈಗ ತಿಳಿಯುತ್ತದೆ. ಅರ್ಜಿ ಹಾಕಿದರೆ ಹಳೆಯ ನೋಂದು ಮೇಲೆ ಬರುತ್ತಿತ್ತು. ಅದನ್ನು ಓದಿಸಲು ಅವನಿಗೆ ಧೈರ್ಯವಿರಲಿಲ್ಲ, ಅಳಿಸಲು ಮನಸ್ಸಿರಲಿಲ್ಲ. ಮುಂದೆ ಯಾರಾದರೂ ಲೆಕ್ಕ ಬಲ್ಲವರು ಎಣಿಸಲಿ ಎಂದೇ ಎಂಟು ಗೆಣ್ಣಿಗೆ ಏಳು ಹೆಸರನ್ನು ನನ್ನ ಕೈಯಲ್ಲಿಟ್ಟು ಹೋದನೇ? ಹೆಣ್ಣುಹುಡುಗಿಗೇ ಕಲಿಸಿದ್ದೇಕೆ? ಹೌದೆಂದು ನಂಬಲು ನನಗೆ ಆಸೆ. ಆಸೆಯನ್ನು ಸಾಕ್ಷಿ ಎಂದು ಬರೆಯಬಾರದು, ಅಷ್ಟನ್ನು ಈ ಹುಡುಕಾಟ ಕಲಿಸಿದೆ.

ನಮ್ಮ ಹೆಳವನ ಮೊಮ್ಮಗ ಈಗ ಬೈಕಿನ ಮೇಲೆ ಬರುತ್ತಾನೆ. ಎತ್ತು ಇಲ್ಲ, ಕಂಬಳಿ ಇಲ್ಲ, ನಸುಕಿನ ಹಾಡೂ ಇಲ್ಲ. ಫೋನು ಮಾಡಿ, ಮನೆಯವರು ಇರುವ ಹೊತ್ತು ನೋಡಿಕೊಂಡು ಬರುತ್ತಾನೆ. ಅವನ ಮಕ್ಕಳು ಕಾಲೇಜಿನಲ್ಲಿದ್ದಾರೆ, ಈ ಕೆಲಸ ಅವನಿಗೇ ಕೊನೆ ಎಂದು ಅವನೇ ಹೇಳುತ್ತಾನೆ. ಹಳೆಯ ಹೊತ್ತಿಗೆಯನ್ನು ಅವರ ಮನೆಯವರು ಎಸೆದಿರಲಿಲ್ಲ. “ಬರದದ್ದನ್ನ ಒಗೀಬಾರದಂತ ನಮ್ಮ ಮುತ್ತ್ಯಾ ಹೇಳಿ ಹೋಗ್ಯಾನ್ರೀ” ಎನ್ನುತ್ತ, ಗೋಣಿಚೀಲದಲ್ಲಿ ಸುತ್ತಿ ಅಟ್ಟದ ಮೇಲಿಟ್ಟಿದ್ದನ್ನು ತಂದು ನನ್ನ ಮುಂದೆ ಬಿಚ್ಚಿದ. ಐದರ ಕೆಳಗೆ, ಆರರ ಮೇಲೆ ಅವಳ ಹೆಸರು. ಮುಂದೆ ‘ಮಗಳು, ಮನೆ ನಡೆಸಿದಾಕಿ’. ಅಷ್ಟೇ. ಹೆಳವನ ಹಿರಿಯ ಬಸವಿ ಎಂದೂ ಬರೆದಿರಲಿಲ್ಲ.

ಈ ವರ್ಷದ ಹೊತ್ತಿಗೆಯಲ್ಲಿ ಅವಳು ಮರಳಿ ಬಂದಿದ್ದಾಳೆ. ನಾಡಕಚೇರಿಯ ವಂಶವೃಕ್ಷ ಮುತ್ತ್ಯಾನಿಂದ ಕೆಳಗೆ ಇಳಿಯುವುದರಿಂದ ಅಲ್ಲಿ ಅವಳಿಗೆ ಜಾಗವಿಲ್ಲ. ಆದರೆ ಅದರಲ್ಲಿ ಅತ್ತೆ ಇದ್ದಾಳೆ, ನಾನಿದ್ದೇನೆ, ನಮ್ಮ ಸಹಿಗಳಿವೆ. ಕರ್ನಾಟಕದಲ್ಲಿ 1994ರಲ್ಲಿ, ಇಡೀ ದೇಶದಲ್ಲಿ 2005ರಲ್ಲಿ ಕಾಯ್ದೆ ಹೆಣ್ಣುಮಕ್ಕಳನ್ನು ಸಮಪಾಲಿನವರೆಂದು ಒಪ್ಪಿದ ಮೇಲೆ ನಮ್ಮನ್ನು ಬಿಟ್ಟು ಆ ಹಾಳೆ ಪೂರ್ತಿಯಾಗುವುದಿಲ್ಲ. ಮನೆಯಲ್ಲಿ ಉಳಿಯಲು ನಮ್ಮನ್ನು ಯಾರೂ ಯಾವ ದೇವರಿಗೂ ಬಿಡಬೇಕಾಗಿಲ್ಲ.

ಅವಳ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಬರೆಯಬೇಕೆಂದೇ ಕುಳಿತಿದ್ದೆ. “ನಾ ಇರೂತನಾ ಪೇಪರಿನ್ಯಾಗ ಹಾಕಬ್ಯಾಡವಾ” ಎಂದು ಅತ್ತೆ ಕೈ ಹಿಡಿದು ಕೇಳಿದಳು. ಅರವತ್ತೈದು ವರ್ಷದ ಭಯ ಒಂದು ಉತಾರದಿಂದ ಹೋಗುವುದಿಲ್ಲ. ಅವಳಿಗೆ ಆ ಮಾತು ಕೊಟ್ಟಿದ್ದೇನೆ.

ಮಾತು ಕೊಟ್ಟ ಮೇಲೆ ಅತ್ತೆ ನನ್ನ ಕೈಯನ್ನು ಬಿಡಲಿಲ್ಲ. ಅಂಗೈ ಬಿಡಿಸಿ ತನ್ನ ಮಡಿಲಲ್ಲಿಟ್ಟುಕೊಂಡು, ಕಣದ ರಾತ್ರಿಯ ಅಜ್ಜನ ಹಾಗೆಯೇ, ಕಿರುಬೆರಳಿನ ಬುಡದಿಂದ ಒಂದೊಂದೇ ಗೆಣ್ಣು ಒತ್ತುತ್ತ ಬಂದಳು. ಅವಳಿಗೂ ಸಾಲು ಬರುತ್ತದೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಒಂದು, ಎರಡು, ಮೂರು. ನಾಲ್ಕು, ಐದು. ಉಂಗುರಬೆರಳಿನ ತುದಿಗೆ ಬಂದಾಗ ಅವಳ ಹೆಬ್ಬೆರಳು ನಿಂತಿತು. ಬಾಗಿಲ ಕಡೆ ಒಮ್ಮೆ ನೋಡಿದಳು. ಆಮೇಲೆ ಬಾಗಿ, ನನಗೊಬ್ಬಳಿಗೇ ಕೇಳುವಂತೆ, ಆ ಹೆಸರು ಹೇಳಿ ಗೆಣ್ಣು ಒತ್ತಿದಳು.